ಕರುಳಿನ ಇ. ಕೊಲೈನಲ್ಲಿ ಕೊಲಿಬ್ಯಾಕ್ಟಿನ್ ಹುಡುಕುವ ಕೆಲಸ

ಮಲದ ಸ್ಯಾಂಪಲ್ ಡಬ್ಬಿ ಮೈಸೂರಿನ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದ ಹೊತ್ತಿನಿಂದ ‘ಇದರಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಮನುಷ್ಯನ ಡಿಎನ್‌ಎ ಕೆಡಿಸಬಲ್ಲದು’ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಹೊತ್ತಿನವರೆಗೆ ವಾರಗಳೇ ಹಿಡಿಯುತ್ತವೆ. ನಡುವೆ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ವಿಷ ತಯಾರಿಸುವ ಜೀನ್ ಇದೆಯೇ? ಇದ್ದರೆ ವಿಷ ನಿಜಕ್ಕೂ ತಯಾರಾಗುತ್ತಿದೆಯೇ? ತಯಾರಾದದ್ದು ಕೋಶದೊಳಗಿನ ಡಿಎನ್‌ಎ ತನಕ ಮುಟ್ಟುತ್ತದೆಯೇ? ‘ಕರುಳಿನ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್’ ಎಂಬ ಸುದ್ದಿಯ ತಲೆಬರಹದಲ್ಲಿ ಈ ಮೂರೂ ಕಲಸಿಹೋಗುತ್ತವೆ. ಬೆಂಚಿನ ಮೇಲೆ ಮಾತ್ರ ಒಂದೊಂದಕ್ಕೂ ಬೇರೆ ಪರೀಕ್ಷೆ, ಹೋಲಿಕೆಗೆ ಇಡುವ ಬೇರೆ ಕಂಟ್ರೋಲ್, ಬೇರೆ ತಲೆನೋವು.

ಹುಡುಕುತ್ತಿರುವುದು ಏನನ್ನು ಎಂದು ಮೊದಲು ಹೇಳಿಬಿಡುತ್ತೇವೆ. ಇ. ಕೊಲೈ ಹೆಚ್ಚುಕಡಿಮೆ ಎಲ್ಲರ ಕರುಳಲ್ಲೂ ಇದೆ, ಆದರೆ ಎಲ್ಲ ಇ. ಕೊಲೈ ಒಂದೇ ಬಗೆಯದಲ್ಲ. ಕೆಲವು ತಳಿಗಳ ಕ್ರೋಮೋಸೋಮಿನಲ್ಲಿ ಸುಮಾರು 54,000 ಬೇಸ್ ಜೋಡಿಗಳಷ್ಟು (ಡಿಎನ್‌ಎಯ ಅಕ್ಷರ ಜೋಡಿಗಳು) ಉದ್ದದ ಒಂದು ತುಣುಕು ಹೆಚ್ಚುವರಿಯಾಗಿ ಬಂದು ಕೂತಿರುತ್ತದೆ. ಅದನ್ನು ಪಿಕೆಎಸ್ ದ್ವೀಪ ಎನ್ನುತ್ತಾರೆ. ಸಿಎಲ್‌ಬಿ-ಎ ಇಂದ ಸಿಎಲ್‌ಬಿ-ಎಸ್ ತನಕ ಅಲ್ಲಿ 19 ಜೀನ್‌ಗಳು. ಇವೆಲ್ಲ ಸೇರಿ ತಯಾರಿಸುವುದು ಕೊಲಿಬ್ಯಾಕ್ಟಿನ್ ಎಂಬ ಒಂದೇ ಒಂದು ಸಣ್ಣ ಅಣುವನ್ನು. 2006ರಲ್ಲಿ ಫ್ರಾನ್ಸಿನ ಟುಲೂಸ್‌ನ ನೂಗೈರೆಡ್, ಓಸ್ವಾಲ್ಡ್ ಮತ್ತು ಸಂಗಡಿಗರು ಇದನ್ನು ಮೊದಲು ತೋರಿಸಿದರು. ಆ ಮೂಲ ತಳಿ ಸಿಕ್ಕಿದ್ದು ಕ್ಯಾನ್ಸರ್ ರೋಗಿಯಿಂದಲ್ಲ. ಅದು ಎಳೆಗೂಸುಗಳ ಮಿದುಳು ಪೊರೆಯ ಸೋಂಕಿಗೆ ಕಾರಣವಾಗುವ ತಳಿ.

ಕೊಲಿಬ್ಯಾಕ್ಟಿನ್ ಅಣುವಿನ ಎರಡು ಕೊನೆಗಳಲ್ಲೂ ಮೂರು ಇಂಗಾಲಗಳ ಬಿಗಿಯಾದ ಉಂಗುರವಿದೆ. ಒಂದೊಂದು ಉಂಗುರವೂ ಡಿಎನ್‌ಎಯ ಅಡೆನಿನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಒಂದು ಕೊನೆ ಈ ಎಳೆಯ ಅಡೆನಿನ್‌ಗೂ ಇನ್ನೊಂದು ಕೊನೆ ಎದುರಿನ ಎಳೆಯ ಅಡೆನಿನ್‌ಗೂ ಅಂಟಿದರೆ, ಹಗ್ಗದ ಎರಡು ಎಳೆಗಳು ಬಿಚ್ಚಲಾಗದಂತೆ ಗಂಟು ಬಿದ್ದ ಹಾಗೆ. ಕೋಶ ವಿಭಜನೆಯಾಗಬೇಕಾದರೆ ಎಳೆಗಳು ಬೇರೆಯಾಗಲೇಬೇಕು. ಆಗದೆ ಹೋದಾಗ ರಿಪೇರಿ ಕಿಣ್ವಗಳು ಬಂದು ಕತ್ತರಿಸಿ ಜೋಡಿಸುತ್ತವೆ. ಬಹುಪಾಲು ಸರಿಯಾಗಿಯೇ ಜೋಡಿಸುತ್ತವೆ, ಕೆಲವೊಮ್ಮೆ ತಪ್ಪುತ್ತವೆ. ಆ ತಪ್ಪೇ ಮ್ಯುಟೇಶನ್.

ತನ್ನ ವಿಷ ತನಗೇ ತಗುಲದಂತೆ ಬ್ಯಾಕ್ಟೀರಿಯಾ ಮಾಡಿಕೊಂಡಿರುವ ಏರ್ಪಾಡು ನಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ಒಳಗೆ ತಯಾರಾಗುವಾಗ ಅಣುವಿಗೆ ಒಂದು ಕೊಬ್ಬಿನ ಬಾಲ ಅಂಟಿಸಿ ನಿಷ್ಕ್ರಿಯವಾಗಿ ಇಟ್ಟಿರುತ್ತದೆ. ಅದನ್ನು ಪೊರೆಯಾಚೆ ದಾಟಿಸಿದ ಮೇಲೆ ಸಿಎಲ್‌ಬಿ-ಪಿ ಎಂಬ ಕಿಣ್ವ ಬಾಲ ಕತ್ತರಿಸುತ್ತದೆ. ವಿಷ ಆಗಲೇ ಚುರುಕಾಗುವುದು. ಅಕಸ್ಮಾತ್ ಒಳಗೆ ಉಳಿದದ್ದನ್ನು ಸಿಎಲ್‌ಬಿ-ಎಸ್ ನಿಷ್ಕ್ರಿಯಗೊಳಿಸುತ್ತದೆ. ಹೀಗೆ ಹೊರಬಂದ ಕೊಲಿಬ್ಯಾಕ್ಟಿನ್ ಬಹಳ ಹೊತ್ತು ಬಾಳುವುದಿಲ್ಲ. ಅದಕ್ಕೇ ಮಲದಲ್ಲಿ ಕೊಲಿಬ್ಯಾಕ್ಟಿನ್ ಇಷ್ಟು ಮೈಕ್ರೋಗ್ರಾಂ ಇದೆ ಎಂದು ಅಳೆದು ಹೇಳುವ ರಕ್ತ-ಸಕ್ಕರೆಯಂಥ ಪರೀಕ್ಷೆ ಇಲ್ಲ. ಜೀನ್ ಹುಡುಕಿ, ಆಮೇಲೆ ಅದರ ಏಟನ್ನು ನೋಡುವ ಸುತ್ತುದಾರಿಯೇ ಗತಿ.

ಸ್ಯಾಂಪಲ್ ಸಂಗ್ರಹ ಸುಲಭವೆಂದು ಓದುವವರಿಗೆ ಅನ್ನಿಸಬಹುದು. ಕೆಲಸದಲ್ಲಿ ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಡಬ್ಬಿ ಹಂಚುವಾಗ ಎದುರಾಗುವ ಮೊದಲ ಮಾತು, ‘ಅಲ್ಲ ಕಣ್ ಮಗಾ, ಇದ್ನ ತಗಂಡೋಗಿ ಏನ್ ಮಾಡೀರಿ?’ ‘ಇದರಲ್ಲಿರೋ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ನೋಡ್ತೀವಿ ಅಜ್ಜಿ’ ಎಂದರೆ, ‘ಜಂತುಹುಳದ ಮಾತ್ರೆ ಆಗ್ಲೇ ನುಂಗಿವ್ನಲ್ಲ’ ಎಂಬ ಉತ್ತರ. ಇದಕ್ಕೆಲ್ಲ ಹೊತ್ತು ಕೊಡಲೇಬೇಕು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದ ಕನ್ನಡದ ಒಪ್ಪಿಗೆ ಪತ್ರದಲ್ಲಿ ದಪ್ಪ ಅಕ್ಷರದ ಒಂದು ಸಾಲಿದೆ: ಈ ಪರೀಕ್ಷೆಯಿಂದ ನಿಮಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಓದಲು ಬಾರದವರಿಗೆ ಆ ಸಾಲನ್ನು ಎರಡು ಸಲ ಓದಿ ಹೇಳುತ್ತೇವೆ.

ಡಬ್ಬಿಯ ಮುಚ್ಚಳಕ್ಕೇ ಚಮಚ ಅಂಟಿರಬೇಕು. ಕೂರುವ ಪಾಯಿಖಾನೆಯ ಮೇಲೆ ಅಗಲವಾದ ಪ್ಲಾಸ್ಟಿಕ್ ಹಾಳೆಯೋ ಹಳೆಯ ಪೇಪರೋ ಹಾಸಿ ಅದರ ಮೇಲಿಂದ ತೆಗೆಯಲು ಹೇಳುತ್ತೇವೆ. ಗುಂಡಿಯಿಂದ ತೆಗೆದರೆ ಫಿನಾಯಿಲು, ಆಸಿಡ್ಡು ತಗುಲಿ ಬ್ಯಾಕ್ಟೀರಿಯಾ ಸತ್ತಿರುತ್ತದೆ. ಇಲ್ಲವೇ ತೊಟ್ಟಿ ನೀರಿನ ಇ. ಕೊಲೈ ಸೇರಿ ಯಾರದೋ ಬ್ಯಾಕ್ಟೀರಿಯಾ ಇವರ ಹೆಸರಿಗೆ ಬರುತ್ತದೆ. ಮೂತ್ರ ಬೆರೆಯಬಾರದು. ಹೆಬ್ಬೆರಳ ತುದಿಯಷ್ಟು ಸಾಕು, ಒಂದೇ ಜಾಗದಿಂದ ಬೇಡ, ಎರಡು ಮೂರು ಕಡೆಯಿಂದ ತೆಗೆಯಬೇಕು. ಹಿಂದಿನ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತಗೊಂಡವರನ್ನು ಬಿಡುತ್ತೇವೆ. ‘ಆಂಟಿಬಯಾಟಿಕ್ ತಗೊಂಡಿದ್ದೀರಾ’ ಎಂದು ಕೇಳಿದರೆ ಬಹಳ ಜನ ಇಲ್ಲ ಎನ್ನುತ್ತಾರೆ. ‘ಜ್ವರಕ್ಕೋ ಹಲ್ಲುನೋವಿಗೋ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದಿದ್ರಾ, ಸ್ಟ್ರಿಪ್ ಇದೆಯಾ ತೋರಿಸಿ’ ಎಂದು ಕೇಳಬೇಕು. ಸ್ಟ್ರಿಪ್ ಬಂದ ಮೇಲೆ ಎಷ್ಟೋ ‘ಇಲ್ಲ’ಗಳು ‘ಹೌದು’ ಆಗುತ್ತವೆ.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದೂರ ದೊಡ್ಡದಲ್ಲ, ಬಿಸಿಲು ದೊಡ್ಡದು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೆಲ್ ಐಸ್ ಪ್ಯಾಕ್ ಇಟ್ಟು, ಡಬ್ಬಿ ಐಸಿಗೆ ನೇರ ತಾಗದಂತೆ ನಡುವೆ ಪೇಪರ್ ಮಡಿಕೆ ಹಾಕಿ, 4 ಡಿಗ್ರಿ ಆಸುಪಾಸಿನಲ್ಲಿ ತರುತ್ತೇವೆ. ಬೆಚ್ಚಗೆ ಬಿಟ್ಟರೆ ಇ. ಕೊಲೈ ಡಬ್ಬಿಯೊಳಗೇ ಬೆಳೆಯುತ್ತಾ ಹೋಗುತ್ತದೆ, ಆಮ್ಲಜನಕ ಆಗದ ಉಳಿದ ಬ್ಯಾಕ್ಟೀರಿಯಾ ಸಾಯುತ್ತವೆ. ಆಗ ಮಾಡಿದ ಎಣಿಕೆ ಕರುಳಿನದಲ್ಲ, ಡಬ್ಬಿಯದು. ಕಬ್ಬು ಕಡಿಯುವ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಸಾಲಿನ ಹಿಂದೆ ಸಿಕ್ಕಿಬಿದ್ದರೆ ಹೊತ್ತಿನ ಲೆಕ್ಕವೆಲ್ಲ ತಪ್ಪುತ್ತದೆ. ಐಸ್ ಪ್ಯಾಕನ್ನು ಆ ಲೆಕ್ಕ ಇಟ್ಟುಕೊಂಡೇ ಎರಡರಷ್ಟು ಒಯ್ಯುವುದು.

ಲ್ಯಾಬಿನಲ್ಲಿ 1 ಗ್ರಾಂ ಮಲವನ್ನು 9 ಮಿಲಿಲೀಟರ್ ಸಲೈನ್‌ನಲ್ಲಿ ಕಲಸಿ, ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ, ಒಂದೊಂದು ಹಂತದಿಂದಲೂ 100 ಮೈಕ್ರೋಲೀಟರನ್ನು ಮ್ಯಾಕಾಂಕಿ ಅಗಾರ್ ಪ್ಲೇಟಿನ ಮೇಲೆ ಹರಡುತ್ತೇವೆ. 37 ಡಿಗ್ರಿಯಲ್ಲಿ 18ರಿಂದ 24 ತಾಸು. ಮಳೆಗಾಲದಲ್ಲಿ ಪ್ಲೇಟಿನ ಮುಚ್ಚಳದೊಳಗೆ ನೀರು ಕಟ್ಟಿ ತೊಟ್ಟಿಕ್ಕುತ್ತದೆ, ಕಾಲೊನಿಗಳು (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳು) ಹರಿದು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಪ್ಲೇಟುಗಳನ್ನು ಹುಡ್‌ನಲ್ಲಿ ಮುಚ್ಚಳ ಸರಿಸಿ ಒಣಗಿಸಿ ಆಮೇಲೆ ಬಳಸಬೇಕು, ಇನ್‌ಕ್ಯುಬೇಟರಿನಲ್ಲಿ ಬೋರಲು ಇಡಬೇಕು. ಲ್ಯಾಕ್ಟೋಸ್ ಹುದುಗಿಸುವ ಇ. ಕೊಲೈ ಗುಲಾಬಿ ಬಣ್ಣದ ಒಣ ಕಾಲೊನಿಯಾಗಿ ಬರುತ್ತದೆ. ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿಯೇ, ಆದರೆ ಉಬ್ಬಿ ಲೋಳೆಯಾಗಿರುತ್ತದೆ, ತಂತಿ ತಾಗಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಸಂದೇಹವಿದ್ದರೆ ಇಂಡೋಲ್ ಮತ್ತು ಸಿಟ್ರೇಟ್ ಪರೀಕ್ಷೆ: ಇ. ಕೊಲೈಗೆ ಕೊವ್ಯಾಕ್ಸ್ ದ್ರಾವಣ ಹಾಕಿದಾಗ ಕೆಂಪು ಉಂಗುರ ಬರುತ್ತದೆ, ಸಿಟ್ರೇಟ್ ಹಸಿರಾಗಿಯೇ ಉಳಿಯುತ್ತದೆ.

ಈ ವಿಂಗಡಣೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಪಿಕೆಎಸ್ ದ್ವೀಪ ಇ. ಕೊಲೈನ ಸ್ವಂತ ಆಸ್ತಿಯೇನಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ, ಸಿಟ್ರೋಬ್ಯಾಕ್ಟರ್ ಕೊಸೆರಿಯ ಕೆಲವು ತಳಿಗಳಲ್ಲೂ ಸಿಕ್ಕಿದೆ. ಮಲದಿಂದ ನೇರವಾಗಿ ಡಿಎನ್‌ಎ ತೆಗೆದು ಪಿಸಿಆರ್ (ಬೇಕಾದ ಜೀನಿನ ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಪತ್ತೆಹಚ್ಚುವ ವಿಧಾನ) ಮಾಡಿದರೆ ಜೀನ್ ಇದೆ ಎಂದು ತಿಳಿಯುತ್ತದೆ, ಯಾರಲ್ಲಿದೆ ಎಂದು ತಿಳಿಯುವುದಿಲ್ಲ. ಅದಲ್ಲದೆ ಮಲದ ಡಿಎನ್‌ಎ ಜೊತೆ ಪಿತ್ತ ಲವಣ, ಸಸ್ಯದ ಪಾಲಿಸ್ಯಾಕರೈಡುಗಳು ಬಂದು ಪಿಸಿಆರ್ ಕಿಣ್ವವನ್ನೇ ತಡೆಯುತ್ತವೆ. ಹತ್ತು ಪಟ್ಟು ತೆಳು ಮಾಡಿ, ಸ್ವಲ್ಪ ಬಿಎಸ್‌ಎ ಪ್ರೋಟೀನ್ ಸೇರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೂ ನಮ್ಮ ಒಲವು ಕಾಲೊನಿ ದಾರಿಯ ಕಡೆಗೇ. ಕೊನೆಗೆ ಜೀವಂತ ತಳಿ ಕೈಯಲ್ಲಿರದಿದ್ದರೆ ಎರಡನೇ ಮೂರನೇ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವೇ ಇಲ್ಲ.

ಒಬ್ಬರ ಕರುಳಿನಲ್ಲಿ ಒಂದಕ್ಕಿಂತ ಹೆಚ್ಚು ಇ. ಕೊಲೈ ತಳಿ ಇರುವುದು ಸಾಮಾನ್ಯ. ಒಂದೇ ಕಾಲೊನಿ ಎತ್ತಿಕೊಂಡರೆ ಜಾಸ್ತಿ ಇರುವ ತಳಿಯಷ್ಟೇ ಸಿಗುತ್ತದೆ. ಅದಕ್ಕೆ ಒಂದೊಂದು ಸ್ಯಾಂಪಲ್‌ನಿಂದಲೂ ಹತ್ತು ಕಾಲೊನಿ ಎತ್ತಿ, ಎಲ್ಲವನ್ನೂ 20 ಶೇಕಡ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಹಾಕುವುದು. ಹತ್ತರಲ್ಲಿ ಒಂದೇ ಪಾಸಿಟಿವ್ ಬರುವ ಸ್ಯಾಂಪಲ್‌ಗಳೂ ಇರುತ್ತವೆ. ಒಂದು ಕಾಲೊನಿ ನೋಡಿ ‘ಇವರಲ್ಲಿಲ್ಲ’ ಎಂದು ಬರೆದ ವರದಿಯನ್ನು ನಾವು ನಂಬುವುದಿಲ್ಲ.

ಡಿಎನ್‌ಎ ತೆಗೆಯಲು ಕಿಟ್ ಬೇಕಿಲ್ಲ. ಕಾಲೊನಿಯ ಚೂರನ್ನು 100 ಮೈಕ್ರೋಲೀಟರ್ ಶುದ್ಧ ನೀರಿನಲ್ಲಿ ಕದಡಿ, 95 ಡಿಗ್ರಿಯಲ್ಲಿ 10 ನಿಮಿಷ ಕುದಿಸಿ, 12,000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಿದರೆ ಮೇಲಿನ ತಿಳಿಯೇ ಡಿಎನ್‌ಎ. 25 ಮೈಕ್ರೋಲೀಟರ್ ಪಿಸಿಆರ್ ಮಿಶ್ರಣಕ್ಕೆ ಅದರಲ್ಲಿ 2 ಮೈಕ್ರೋಲೀಟರ್ ಸಾಕು. ಹೊಸಬರು ‘ಜಾಸ್ತಿ ಇದ್ದರೆ ಒಳ್ಳೆಯದು’ ಎಂದು ಅರ್ಧ ಪ್ಲೇಟ್ ಕೆರೆದು ಹಾಕುತ್ತಾರೆ. ಆಗ ಬ್ಯಾಂಡ್ (ಪಿಸಿಆರ್ ಆದ ಮೇಲೆ ಜೆಲ್‌ನಲ್ಲಿ ಓಡಿಸಿದಾಗ ಡಿಎನ್‌ಎ ಕಾಣುವ ಗೆರೆ) ಮಸುಕಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಸೂಜಿಮೊನೆಯಷ್ಟು ಸಾಕು.

ಒಂದೇ ಜೀನ್ ಹುಡುಕಿ ದ್ವೀಪವೇ ಇದೆ ಎನ್ನಲಾಗದು. ದ್ವೀಪದ ಬೇರೆ ಬೇರೆ ಭಾಗಗಳಿಂದ ಸಿಎಲ್‌ಬಿ-ಬಿ, ಸಿಎಲ್‌ಬಿ-ಎನ್, ಸಿಎಲ್‌ಬಿ-ಕ್ಯೂ ಎಂದು ಮೂರನ್ನು ನೋಡುತ್ತೇವೆ. ಪಾಸಿಟಿವ್ ಕಂಟ್ರೋಲ್‌ಗೆ ನಿಸ್ಲೆ 1917 ತಳಿ, ನೆಗೆಟಿವ್‌ಗೆ ಎಲ್ಲ ಲ್ಯಾಬುಗಳಲ್ಲೂ ಇರುವ, ಪಿಕೆಎಸ್ ಇಲ್ಲದ ಕೆ-12 ಎಂಬ ಇ. ಕೊಲೈ ತಳಿ. ಈ ನಿಸ್ಲೆ ತಳಿಯದೇ ಒಂದು ವಿಚಿತ್ರ. ಮೊದಲ ಮಹಾಯುದ್ಧದ ಕಾಲದಲ್ಲಿ ಆಲ್ಫ್ರೆಡ್ ನಿಸ್ಲೆ ಒಬ್ಬ ಜರ್ಮನ್ ಸೈನಿಕನ ಮಲದಿಂದ ತೆಗೆದದ್ದು. ಪ್ರೋಬಯಾಟಿಕ್ ಔಷಧಿಯಾಗಿ ಯುರೋಪಿನಲ್ಲಿ ಇವತ್ತಿಗೂ ಮಾರಾಟವಾಗುತ್ತದೆ. ಪಿಕೆಎಸ್ ದ್ವೀಪ ಅದರಲ್ಲೂ ಇದೆ. ವಿಷದ ಜೀನ್ ಇರುವ ಬ್ಯಾಕ್ಟೀರಿಯಾ ಎಂದ ಮಾತ್ರಕ್ಕೆ ಕೇಡು ಎಂದು ತೀರ್ಪು ಬರೆಯಲು ಹೊರಡುವವರು ಈ ಒಂದು ತಳಿಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು. ಹಾಗೆಂದು ಅದು ಸಂಪೂರ್ಣ ನಿರಪಾಯ ಎಂದೂ ಅಲ್ಲ. ಆ ವಾದ ಇನ್ನೂ ಮುಗಿದಿಲ್ಲ.

ಪ್ರತಿ ಕಾಲೊನಿಗೂ ಯುಐಡಿ-ಎ ಎಂಬ ಇ. ಕೊಲೈ ಜೀನನ್ನು ಜೊತೆಯಲ್ಲೇ ಹುಡುಕುವುದು ಕಡ್ಡಾಯ. ಅದೂ ಬರದಿದ್ದರೆ ಪಿಸಿಆರ್ ಕೆಟ್ಟಿದೆ ಎಂದರ್ಥ, ‘ಪಿಕೆಎಸ್ ಇಲ್ಲ’ ಎಂದಲ್ಲ. ಇಲ್ಲೊಂದು ತಮಾಷೆಯಿದೆ. ಡಿಎನ್‌ಎ ಹಾಕದ ಖಾಲಿ ಟ್ಯೂಬಿನಲ್ಲೂ ಯುಐಡಿ-ಎ ಬ್ಯಾಂಡ್ ತೆಳುವಾಗಿ ಕಾಣಿಸಿಕೊಂಡು ಎಲ್ಲರನ್ನೂ ಗಾಬರಿಪಡಿಸುತ್ತದೆ. ಪಿಸಿಆರ್‌ಗೆ ಬಳಸುವ ಟಾಕ್ ಕಿಣ್ವವನ್ನು ಕಾರ್ಖಾನೆಯಲ್ಲಿ ತಯಾರಿಸುವುದೇ ಇ. ಕೊಲೈ ಒಳಗೆ, ಅದರ ಡಿಎನ್‌ಎ ಚೂರುಪಾರು ಕಿಣ್ವದ ಜೊತೆ ಉಳಿದು ಬಂದಿರಬಹುದು. ತಯಾರಿಕೆಗೆ ಬಳಸುವ ಲ್ಯಾಬ್ ತಳಿಗಳಲ್ಲಿ ಪಿಕೆಎಸ್ ಇರುವುದಿಲ್ಲ. ಆದ್ದರಿಂದ ಖಾಲಿ ಟ್ಯೂಬಿನಲ್ಲಿ ಸಿಎಲ್‌ಬಿ ಬ್ಯಾಂಡ್ ಬಂದರೆ ಮಾತ್ರ ನಿಜವಾದ ಕಂಟಾಮಿನೇಶನ್: ಪಿಪೆಟ್ ಬಿಚ್ಚಿ ತೊಳೆ, ಪ್ರೈಮರ್ (ಹುಡುಕುವ ಜೀನಿಗೆ ಹೋಗಿ ಕೂರುವ ಪುಟ್ಟ ಡಿಎನ್‌ಎ ತುಣುಕು) ಹೊಸದು ಕರಗಿಸು, ನಿಸ್ಲೆ ಟ್ಯೂಬನ್ನು ಕೊನೆಗೆ ತೆರೆ.

ಪಿಕೆಎಸ್ ಇರುವ ತಳಿಗಳು ಬಹುಮಟ್ಟಿಗೆ ಬಿ2 ಎಂಬ ವಂಶಗುಂಪಿಗೆ ಸೇರುತ್ತವೆ. ಗುಂಪು ಗುರುತಿಸಲು ಕ್ಲೆರ್ಮಾಂಟ್ ಎಂಬ ಸಂಶೋಧಕರು 2013ರಲ್ಲಿ ಪರಿಷ್ಕರಿಸಿದ ನಾಲ್ಕು ಪ್ರೈಮರ್ ಜೋಡಿಗಳ ಪಿಸಿಆರ್ ಇದೆ. ಸಿಎಲ್‌ಬಿ ಪಾಸಿಟಿವ್, ಆದರೆ ಗುಂಪು ‘ಎ’ ಎಂದು ಬಂದರೆ ಮತ್ತೊಮ್ಮೆ ಕಾಲೊನಿ ಶುದ್ಧ ಮಾಡಿ ನೋಡುತ್ತೇವೆ. ಎರಡು ತಳಿ ಬೆರೆತಿರುವ ಸಾಧ್ಯತೆಯೇ ಹೆಚ್ಚು.

ಜೆಲ್‌ನಲ್ಲಿ ಮೂರು ಬ್ಯಾಂಡ್ ಹೊಳೆದಾಗ ಸಂತೋಷಪಡುವವರು ಪಡಲಿ. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿತು. ಎಲ್ಲೋ ಒಂದು ಅಕ್ಷರ ತಪ್ಪಿ ಸಿಎಲ್‌ಬಿ-ಪಿ ಕೆಟ್ಟಿದ್ದರೆ ಬಾಲ ಕತ್ತರಿಸುವ ಕಿಣ್ವವೇ ಇಲ್ಲ, ವಿಷವೂ ಇಲ್ಲ. ಬ್ಯಾಂಡ್ ಮಾತ್ರ ಎಂದಿನಂತೆ ಬರುತ್ತದೆ.

ವಿಷ ತಯಾರಾಗುತ್ತಿದೆಯೇ ಎಂದು ನೋಡಲು ಕೋಶ ಬೇಡ, ಬರೀ ಡಿಎನ್‌ಎ ಸಾಕು. 2,686 ಬೇಸ್ ಜೋಡಿಗಳ ಪಿಯುಸಿ19 ಎಂಬ ಪ್ಲಾಸ್ಮಿಡನ್ನು (ಉಂಗುರದಂಥ ಪುಟ್ಟ ಡಿಎನ್‌ಎ) ಒಂದೇ ಕಡೆ ಕತ್ತರಿಸಿ ನೇರ ದಾರ ಮಾಡಿಕೊಳ್ಳುತ್ತೇವೆ. ಬ್ಯಾಕ್ಟೀರಿಯಾವನ್ನು ಹೆಪೆಸ್ ಬಫರ್ ಸೇರಿಸಿದ ಡಿಎಂಇಎಂ ಎಂಬ ಪೋಷಕ ದ್ರಾವಣದಲ್ಲಿ ಮೂರರಿಂದ ನಾಲ್ಕು ತಾಸು ಬೆಳೆಸಿ, 1 ಮಿಲಿಮೋಲಾರ್ ಇಡಿಟಿಎ ಎಂಬ ರಾಸಾಯನಿಕದ ಜೊತೆ ಈ ದಾರವನ್ನು ಸೇರಿಸಿ 37 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬಿಡುವುದು. ಆಮೇಲೆ ಬ್ಯಾಕ್ಟೀರಿಯಾ ತಿರುಗಿಸಿ ತೆಗೆದು, ಡಿಎನ್‌ಎ ಶುದ್ಧ ಮಾಡಿ ಕ್ಷಾರದ ಜೆಲ್‌ನಲ್ಲಿ ಓಡಿಸುತ್ತೇವೆ. ಕ್ಷಾರದಲ್ಲಿ ಎರಡು ಎಳೆಗಳು ಬೇರೆಯಾಗಿ ಒಂಟಿ ಎಳೆಗಳಂತೆ ಬೇಗ ಓಡುತ್ತವೆ. ಕೊಲಿಬ್ಯಾಕ್ಟಿನ್ ಅಂಟು ಹಾಕಿದ್ದರೆ ಬೇರೆಯಾಗಲಾರವು. ಎರಡರಷ್ಟು ಉದ್ದದ ಎಳೆಯ ಹಾಗೆ ಹಿಂದೆ ಉಳಿಯುತ್ತವೆ. ಮೇಲೊಂದು ಬ್ಯಾಂಡ್, ಕೆಳಗೊಂದು ಬ್ಯಾಂಡ್. ಪಾಸಿಟಿವ್ ಕಂಟ್ರೋಲ್‌ಗೆ ಸಿಸ್‌ಪ್ಲಾಟಿನ್ ಹಾಕಿದ ಡಿಎನ್‌ಎ ಇಡುತ್ತೇವೆ. ಹೌದು, ಕ್ಯಾನ್ಸರ್ ವಾರ್ಡಿನಲ್ಲಿ ಡ್ರಿಪ್ ಮೂಲಕ ಕೊಡುವ ಅದೇ ಸಿಸ್‌ಪ್ಲಾಟಿನ್. ಅದೂ ಡಿಎನ್‌ಎ ಎಳೆಗಳಿಗೆ ಇಂಥದೇ ಅಂಟು ಹಾಕಿ ಗಡ್ಡೆಯ ಕೋಶ ಕೊಲ್ಲುತ್ತದೆ.

ಕ್ಷಾರದ ಜೆಲ್ ಮೊದಲ ಸಲಕ್ಕೆ ಯಾರಿಗೂ ಸರಿಬರುವುದಿಲ್ಲ. ಅಗರೋಸ್ ಬಿಸಿಯಿರುವಾಗ ಕಾಸ್ಟಿಕ್ ಸೋಡಾ ಸೇರಿಸಿದರೆ ಅಗರೋಸೇ ಮುರಿದು ಜೆಲ್ ಗಟ್ಟಿಯಾಗುವುದಿಲ್ಲ. ಉಪ್ಪು ಮತ್ತು ಇಡಿಟಿಎ ಇರುವ ತಟಸ್ಥ ನೀರಿನಲ್ಲಿ ಕರಗಿಸಿ ಹೊಯ್ದು, ಗಟ್ಟಿಯಾದ ಮೇಲೆ 50 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, 1 ಮಿಲಿಮೋಲಾರ್ ಇಡಿಟಿಎ ಇರುವ ಬಫರಿನಲ್ಲಿ ನೆನೆಸಬೇಕು. ವೋಲ್ಟೇಜ್ ಕಡಿಮೆ ಇರಬೇಕು, ಇಲ್ಲವಾದರೆ ಬಫರ್ ಕಾದು ಜೆಲ್ ಮೆತ್ತಗಾಗುತ್ತದೆ. ಓಡಿಸಿದ ಮೇಲೆ ನೇರ ಎಥಿಡಿಯಂ ಬ್ರೋಮೈಡ್ ಹಾಕಿದರೆ ಏನೂ ಕಾಣುವುದಿಲ್ಲ. ಮೊದಲು ಟ್ರಿಸ್ ಬಫರಿನಲ್ಲಿ ಮುಕ್ಕಾಲು ತಾಸು ನೆನೆಸಿ ಕ್ಷಾರ ತೆಗೆದು, ಆಮೇಲೆ ಬಣ್ಣ.

ಮೂರನೇ ಪ್ರಶ್ನೆಗೆ ಜೀವಂತ ಕೋಶ ಬೇಕು. ನಾವು ಬಳಸುವುದು ಹೀಲಾ ಕೋಶ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಕಡೆಯಿಂದ ಸಿಗುತ್ತದೆ. ಅದು ಗರ್ಭಕಂಠದ ಕ್ಯಾನ್ಸರಿನಿಂದ ಬಂದದ್ದು, ಕರುಳಿನದಲ್ಲ ಎಂಬುದು ನೆನಪಿರಲಿ. ಒಂದು ಕೋಶಕ್ಕೆ ನೂರು ಬ್ಯಾಕ್ಟೀರಿಯಾ ಲೆಕ್ಕದಲ್ಲಿ 4 ತಾಸು ಸೋಂಕು ಕೊಟ್ಟು, ತೊಳೆದು, ಪ್ರತಿ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಜೆಂಟಮೈಸಿನ್ ಎಂಬ ಆಂಟಿಬಯಾಟಿಕ್ ಹಾಕಿ, 72 ತಾಸು ಬಿಡುತ್ತೇವೆ. ಡಿಎನ್‌ಎಗೆ ಏಟು ಬಿದ್ದ ಕೋಶಗಳು ವಿಭಜನೆ ನಿಲ್ಲಿಸಿ ಉಬ್ಬುತ್ತವೆ: ಕೋಶವೂ ದೊಡ್ಡದು, ನ್ಯೂಕ್ಲಿಯಸ್ಸೂ ದೊಡ್ಡದು. ಮೆಥಿಲೀನ್ ಬ್ಲೂ ಹಾಕಿದರೆ ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಬೇಗ ಉತ್ತರ ಬೇಕಾದರೆ ಸೋಂಕಿನ ಕೆಲವೇ ತಾಸುಗಳಲ್ಲಿ ಗಾಮಾ-ಎಚ್2ಎಎಕ್ಸ್ ಎಂಬ ಗುರುತಿಗೆ ಆಂಟಿಬಾಡಿ ಹಾಕಿ ನೋಡಬಹುದು. ಡಿಎನ್‌ಎ ಮುರಿದ ಜಾಗಗಳು ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತವೆ.

ಇಲ್ಲಿ ಕೈಕೊಡುವ ಸಂಗತಿಗಳು ಮುಖ್ಯವಾಗಿ ಎರಡು. ನಾಲ್ಕು ತಾಸಿನಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆದರೆ ದ್ರಾವಣ ಹಳದಿಗೆ ತಿರುಗುತ್ತದೆ. ಕೋಶ ಸತ್ತದ್ದು ಆಮ್ಲದಿಂದಲೇ ಹೊರತು ಕೊಲಿಬ್ಯಾಕ್ಟಿನ್‌ನಿಂದಲ್ಲ. ಅದೇ ಪ್ರಮಾಣದ ಕೆ-12 ಹಾಕಿದ ಬಾವಿ (ಕೋಶ ಬೆಳೆಸುವ ತಟ್ಟೆಯ ಗುಳಿ) ಪಕ್ಕದಲ್ಲಿ ಇದ್ದರೆ ಈ ಮೋಸ ತಕ್ಷಣ ಗೊತ್ತಾಗುತ್ತದೆ. ಎರಡನೆಯದು ನಮ್ಮ ನಾಡಿನ ವಿಶೇಷ. ವಿದೇಶಿ ಪ್ರೋಟೋಕಾಲ್‌ಗಳು ಜೆಂಟಮೈಸಿನ್ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ನಂಬಿಕೊಂಡಿವೆ. ಇಲ್ಲಿನ ಇ. ಕೊಲೈಗಳಲ್ಲಿ ಜೆಂಟಮೈಸಿನ್‌ಗೆ ಬಗ್ಗದವು ಸಿಗುತ್ತವೆ. ಮಾರನೇ ದಿನ ನೋಡಿದರೆ ಬಾವಿಯೆಲ್ಲ ಮಜ್ಜಿಗೆ ಬಣ್ಣ. ಮೊದಲೇ ಆಂಟಿಬಯಾಟಿಕ್ ಬಿಲ್ಲೆ ಇಟ್ಟು ಡಿಸ್ಕ್ ಪರೀಕ್ಷೆ ಮಾಡಿ, ಬಗ್ಗದ ತಳಿಗೆ ಬೇರೆ ಆಂಟಿಬಯಾಟಿಕ್ ಆರಿಸಿಕೊಳ್ಳಬೇಕು. ಸೋಂಕಿನ ಬದಲು ಬ್ಯಾಕ್ಟೀರಿಯಾ ಬೆಳೆದ ತಿಳಿಯನ್ನಷ್ಟೇ ಸೋಸಿ ಹಾಕಿ ನೋಡೋಣ ಎಂಬ ಸಲಹೆಯೂ ಬರುತ್ತದೆ. ಏನೂ ಆಗುವುದಿಲ್ಲ. ಜೀವಂತ ಬ್ಯಾಕ್ಟೀರಿಯಾ ಕೋಶಕ್ಕೆ ತಾಗಿಕೊಂಡಿರಬೇಕು ಎಂದು 2006ರ ಪ್ರಯೋಗವೇ ತೋರಿಸಿತ್ತು. ನಡುವೆ ತೆಳು ಪೊರೆ ಇಟ್ಟರೂ ಏಟು ಬೀಳಲಿಲ್ಲ.

ಈ ಒಂದು ವಿವರವೇ ಪ್ರಯೋಗಾಲಯಕ್ಕೂ ಕರುಳಿಗೂ ಇರುವ ವ್ಯತ್ಯಾಸ. ಆರೋಗ್ಯವಾದ ದೊಡ್ಡಕರುಳಿನ ಒಳಗೋಡೆಯ ಮೇಲೆ ಲೋಳೆಯ ಪದರವಿದೆ. ಅದರ ಒಳಪದರಕ್ಕೆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇಳಿಯುವುದಿಲ್ಲ. ಉರಿಯೂತವಾಗಿ ಲೋಳೆ ತೆಳುವಾದಾಗ ಅವು ಗೋಡೆಯ ಹತ್ತಿರ ಬರುತ್ತವೆ. 2012ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ತಂಡ ಕರುಳುರಿ ಬರುವ ಇಲಿಗಳಿಗೆ ಒಂದೇ ಇ. ಕೊಲೈ ತಳಿಯನ್ನು ಪಿಕೆಎಸ್ ಸಮೇತ ಮತ್ತು ಪಿಕೆಎಸ್ ತೆಗೆದು ಕೊಟ್ಟು ನೋಡಿತು. ಉರಿಯೂತ ಎರಡರಲ್ಲೂ ಅಷ್ಟೇ. ಪಿಕೆಎಸ್ ತೆಗೆದ ಗುಂಪಿನಲ್ಲಿ ಗಡ್ಡೆ ಕಡಿಮೆ. ಅದೇ ವರದಿಯಲ್ಲಿ ಮನುಷ್ಯರ ಲೆಕ್ಕವೂ ಇತ್ತು: ಕರುಳಿನ ಕ್ಯಾನ್ಸರ್ ಇದ್ದ 21 ಜನರಲ್ಲಿ 14 ಮಂದಿಗೆ, ರೋಗವಿಲ್ಲದ 24 ಜನರಲ್ಲಿ 5 ಮಂದಿಗೆ ಪಿಕೆಎಸ್ ಇ. ಕೊಲೈ. ರೋಗವಿಲ್ಲದ ಆ ಐವರನ್ನು ಸುದ್ದಿ ಬರೆಯುವವರು ಮರೆಯುತ್ತಾರೆ.

ಗುಮಾನಿ ಗಟ್ಟಿಯಾದದ್ದು 2020ರಲ್ಲಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ತಂಡ ಮನುಷ್ಯನ ಕರುಳಿನ ಕೋಶಗಳಿಂದ ಬೆಳೆಸಿದ ಪುಟ್ಟ ಆರ್ಗನಾಯ್ಡ್‌ಗಳ ಒಳಕ್ಕೆ ಪಿಕೆಎಸ್ ಇ. ಕೊಲೈಯನ್ನು ಐದು ತಿಂಗಳ ಕಾಲ ಮತ್ತೆ ಮತ್ತೆ ಚುಚ್ಚಿ, ಕೊನೆಗೆ ಇಡೀ ಜೀನೋಮ್ ಓದಿತು. ಥೈಮಿನ್ ಅಕ್ಷರಗಳು ಒಂದು ನಿರ್ದಿಷ್ಟ ನೆರೆಹೊರೆಯಲ್ಲಿ ಬದಲಾಗಿದ್ದವು, ಸಾಲು ಥೈಮಿನ್‌ಗಳಲ್ಲಿ ಒಂದು ಉದುರಿಹೋಗಿತ್ತು. ಈಗ ಎಸ್‌ಬಿಎಸ್88, ಐಡಿ18 ಎಂದು ಕರೆಯುವುದು ಈ ಗುರುತುಗಳನ್ನೇ. ಅದೇ ಗುರುತು ರೋಗಿಗಳ ಗಡ್ಡೆಗಳಲ್ಲೂ ಸಿಕ್ಕಿತು. ಅದಕ್ಕೂ ಮುಂಚೆ 2019ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯವರು ಆರೋಗ್ಯವಾದ ಕರುಳಿನ ಕೋಶಗಳನ್ನು ಓದಿದಾಗ ಕೆಲವರಲ್ಲಿ ಈ ಮಾದರಿ ಕಂಡಿತ್ತು, ಅದೂ ಬಾಲ್ಯದಲ್ಲೇ ಬಿದ್ದದ್ದು. 2025ರಲ್ಲಿ 11 ದೇಶಗಳ 981 ಗಡ್ಡೆಗಳ ಜೀನೋಮ್ ಓದಿದ ಅಧ್ಯಯನ ಬಂತು: 40 ವರ್ಷದೊಳಗೆ ಕ್ಯಾನ್ಸರ್ ಬಂದವರಲ್ಲಿ ಈ ಗುರುತು, 70 ದಾಟಿದ ಮೇಲೆ ಬಂದವರಿಗಿಂತ 3.3 ಪಟ್ಟು ಹೆಚ್ಚು. ಆ 11 ದೇಶಗಳಲ್ಲಿ ಭಾರತ ಇಲ್ಲ. ಮಂಡ್ಯ, ಮೈಸೂರಿನ ಬಗ್ಗೆ ಅದರಿಂದ ನೇರವಾಗಿ ಏನನ್ನೂ ಹೇಳುವಂತಿಲ್ಲ.

ಬಾಲ್ಯದ ಈ ಸಂಗತಿ ನಮ್ಮ ಡಬ್ಬಿಯ ಬೆಲೆಯನ್ನೇ ಬದಲಾಯಿಸುತ್ತದೆ. ನಲವತ್ತೈದರ ರೈತನ ಮಲದಲ್ಲಿ ಇವತ್ತು ಪಿಕೆಎಸ್ ಇದೆಯೋ ಇಲ್ಲವೋ ಎಂದು ನಾವು ಹೇಳಬಲ್ಲೆವು. ಐದನೇ ವಯಸ್ಸಿನಲ್ಲಿ ಇತ್ತೇ ಎಂದು ಹೇಳಲಾರೆವು. ತಳಿ ಬಂದು ಹೋಗಿರಬಹುದು, ಕೋಶದಲ್ಲಿ ಗಾಯದ ಗುರುತು ಮಾತ್ರ ಉಳಿದಿರಬಹುದು. ಆ ಗುರುತೂ ಒಂಟಿಯಾಗಿ ಕ್ಯಾನ್ಸರ್ ಮಾಡದು. ಎಪಿಸಿಯಂಥ ಕಾವಲು ಜೀನ್‌ನಲ್ಲೇ ಬಿದ್ದು, ಆಮೇಲೆ ಕೆಆರ್‌ಎಎಸ್, ಪಿ53ರಂಥ ಇನ್ನಷ್ಟು ಜೀನ್‌ಗಳು ಕೆಡಬೇಕು. ಕರುಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟಿ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ದೋಷಿಗಳು ಬೇರೆಯವೂ ಇವೆ. ಬಾಯಿಯ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಗಡ್ಡೆಗೆ ಅಂಟಿ ಅದನ್ನು ಬೆಳೆಸುತ್ತದೆ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್‌ನ ವಿಷಕಾರಿ ತಳಿ ಕೋಶಗಳ ಬೆಸುಗೆ ಕತ್ತರಿಸುತ್ತದೆ. ನಮ್ಮ ಮ್ಯಾಕಾಂಕಿ ಪ್ಲೇಟಿನಲ್ಲಿ ಇವೆರಡೂ ಬೆಳೆಯುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ‘ನನ್ನ ರಿಪೋರ್ಟ್ ಏನು ಬಂತು’ ಎಂದು ಫೋನ್ ಮಾಡುವವರಿಗೆ ನಾವು ಪಿಕೆಎಸ್ ಫಲಿತಾಂಶ ಕೊಡುವುದಿಲ್ಲ. ಕೊಟ್ಟರೆ ಮುಂದಿನ ಪ್ರಶ್ನೆ ‘ಯಾವ ಮಾತ್ರೆ ನುಂಗಲಿ’ ಎಂಬುದು, ಅದಕ್ಕೆ ಔಷಧಿಯಿಲ್ಲ. ಸಿಎಲ್‌ಬಿ-ಪಿ ಕಿಣ್ವವನ್ನು ತಡೆಯುವ ರಾಸಾಯನಿಕಗಳು ಲ್ಯಾಬಿನಲ್ಲಿವೆ, ಅಂಗಡಿಯಲ್ಲಿಲ್ಲ. ಆಂಟಿಬಯಾಟಿಕ್ ನುಂಗಿದರೆ ಒಂದನ್ನೇ ಆರಿಸಿ ಕೊಲ್ಲಲಾಗದು. ನಾರನ್ನು ಹುದುಗಿಸಿ ಕರುಳಗೋಡೆಗೆ ಬ್ಯುಟಿರೇಟ್ ಉಣಿಸುವ ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಹೋಗುತ್ತವೆ. ಮೊಸರು, ಮಜ್ಜಿಗೆ ಬಿಡಬೇಕೇ ಎಂದು ಕೇಳುವವರೂ ಇದ್ದಾರೆ. ಹೆಪ್ಪಿನ ಲ್ಯಾಕ್ಟೋಬ್ಯಾಸಿಲಸ್‌ಗೂ ಪಿಕೆಎಸ್‌ಗೂ ಸಂಬಂಧವಿಲ್ಲ. ರಾಗಿ ಮುದ್ದೆ, ಕಾಳು, ಸೊಪ್ಪಿನ ನಾರು ಒಳ್ಳೆಯದೇ, ಆದರೆ ಕೊಲಿಬ್ಯಾಕ್ಟಿನ್‌ಗೆ ಮದ್ದು ಎಂದು ನಾವು ಹೇಳುವುದಿಲ್ಲ.

ಫಲಿತಾಂಶದ ಬದಲು ಎಲ್ಲರಿಗೂ ಒಂದು ಹಾಳೆ ಕಳಿಸುತ್ತೇವೆ. ಅದರಲ್ಲಿರುವುದು ಎಫ್‌ಐಟಿ ಎಂಬ ಬೇರೆಯೇ ಮಲಪರೀಕ್ಷೆಯ ವಿಷಯ: ಮಲದಲ್ಲಿ ಕಣ್ಣಿಗೆ ಕಾಣದ ಮನುಷ್ಯರಕ್ತ ಹುಡುಕುವುದು, ಸಾಮಾನ್ಯ ಮಿತಿ ಒಂದು ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ ಹಿಮೋಗ್ಲೋಬಿನ್, ಪಥ್ಯ ಬೇಕಿಲ್ಲ, ಮುಟ್ಟಿನ ದಿನಗಳಲ್ಲಿ ಬೇಡ, ಕಡ್ಡಿಯನ್ನು ಮಲದ ಮೇಲ್ಮೈಯ ನಾಲ್ಕಾರು ಕಡೆ ಉಜ್ಜಿ ಅದರ ಗೀರುಗಳು ತುಂಬಿದಷ್ಟೇ ಸಾಕು, ಪಾಸಿಟಿವ್ ಬಂದರೆ ಇನ್ನೊಮ್ಮೆ ಎಫ್‌ಐಟಿ ಮಾಡಿ ಸಮಾಧಾನಪಡದೆ ಕೊಲೊನೋಸ್ಕೋಪಿ (ದೊಡ್ಡಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವುದು). ಅಮೆರಿಕದಲ್ಲಿ 45ಕ್ಕೆ ತಪಾಸಣೆ ಶುರು. ನಮ್ಮ ದೇಶದ ಸರ್ಕಾರಿ ತಪಾಸಣೆ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗಷ್ಟೇ ಇರುವುದರಿಂದ ಕರುಳಿನದನ್ನು ಕೇಳಿ ಮಾಡಿಸಿಕೊಳ್ಳಬೇಕು. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯಲ್ಲಿ ಯಾರಿಗಾದರೂ 60ರೊಳಗೆ ಬಂದಿದ್ದರೆ ಎಫ್‌ಐಟಿಗೆ ನಿಲ್ಲದೆ, 40ಕ್ಕೋ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೋ, ಯಾವುದು ಮುಂಚೆಯೋ ಆಗಲೇ ಕೊಲೊನೋಸ್ಕೋಪಿ.

ಹಾಳೆಯ ಕೊನೆಯ ಸಾಲನ್ನು ಫೋನಿನಲ್ಲಿ ಬಾಯಿಬಿಟ್ಟೂ ಹೇಳುತ್ತೇವೆ. ಎಫ್‌ಐಟಿ ಯಾವ ತೊಂದರೆಯೂ ಇಲ್ಲದವರಿಗೆ. ಮೋಷನ್‌ನಲ್ಲಿ ಕಣ್ಣಿಗೇ ರಕ್ತ ಕಾಣುತ್ತಿದ್ದರೆ, ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾಗಿದ್ದರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಉಷ್ಣವೆಂದೋ ಮೂಲವ್ಯಾಧಿಯೆಂದೋ ಜೀರಿಗೆ ಕಷಾಯ ಕುಡಿಯುತ್ತಾ ಕೂರುವುದಲ್ಲ, ನಮ್ಮ ಡಬ್ಬಿಗೆ ಕಾಯುವುದೂ ಅಲ್ಲ. ಗ್ಯಾಸ್ಟ್ರೋ ವೈದ್ಯರ ಹತ್ತಿರ ಹೋಗಿ ಗುದದ್ವಾರದ ಬೆರಳು ಪರೀಕ್ಷೆ, ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು; ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ತಂತಿ ಕುಣಿಕೆ ಹಾಕಿ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.